ಉಳಿದ ಎಂಟು ಮಾತ್ರೆ

ಬಿ.ದುರ್ಗದ ಬೋರಯ್ಯನ ತಾತ ಕಾಟಪ್ಪ. ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ವರ್ಷ, ಯಾರೂ ಸುಳಿಯದ ಗುಡಿಸಲುಗಳಿಗೆ ಆಡುಸೋಗೆ ಕಷಾಯದ ಗಡಿಗೆ ಹೊತ್ತು ನಡೆದವನು. ಅವನ ಮಗ, ಬೋರಯ್ಯನ ಅಪ್ಪ ನಾಗಣ್ಣ, ಕಫ ಕಟ್ಟಿ ನೀಲಿಗಟ್ಟಿದ ಕೂಸಿನ ಬಾಯಿಗೆ ಬಾಯಿಟ್ಟು ಹೀರಿ ಉಗುಳಿ ಅದು ಅಳುವಂತೆ ಮಾಡಿದವನು. ಈ ವೈದ್ಯರ ಮನೆಯವರು ಔಷಧಿಗೆ ಯಾರಿಂದಲೂ ಕಾಸು ಮುಟ್ಟಲಿಲ್ಲ. ಕಟ್ಟಳೆಯೊಂದಿತ್ತು: ಕಫ ಸಡಿಲಾದ ದಿನ ಔಷಧಿ ನಿಲ್ಲಿಸಬೇಕು, ಉಳಿದದ್ದು ಮನೆಯಲ್ಲಿದ್ದರೆ ರೋಗ ಹುಡುಕಿಕೊಂಡು ಬರುತ್ತದೆ, ಅದನ್ನು ಕೆಮ್ಮುವ ಇನ್ನೊಬ್ಬರ ಕೈಗೆ ಹಾಕಬೇಕು. ಬೋರಯ್ಯನಿಗೆ ಸೊಪ್ಪಿನ ಗುರುತು ಮರೆತಿತ್ತು, ಕಟ್ಟಳೆ ಮರೆತಿರಲಿಲ್ಲ.

ಕಳೆದ ಮಾಗಿಯಲ್ಲಿ ಹೆಂಡತಿ ಶಾಂತಕ್ಕನಿಗೆ ಎದೆ ಕಟ್ಟಿತು. ಹೊಳಲ್ಕೆರೆಯ ಡಾಕ್ಟರು ಸುಮಿತ್ರಾ ಹದಿನಾಲ್ಕು ಮಾತ್ರೆ ಕೊಟ್ಟರು.

"ಒಂದರಾಗೇ ಎರಡು ಔಷಧಿ ಅವೆ ಅಜ್ಜ. ಒಂದು ಕಫ ಕರಗಿಸ್ತತೆ, ಇನ್ನೊಂದು ಕ್ರಿಮಿ ಕೊಲ್ತತೆ. ಕಫ ಬೇಗ ಸಡಿಲ ಆಗ್ತತೆ, ಹಂಗಂತ ನಿಲ್ಲಿಸಬ್ಯಾಡ್ರಿ. ಬೆಳಿಗ್ಗೆ ಒಂದು, ಸಂಜೆ ಒಂದು, ಏಳು ದಿನ."

ಮೂರನೆಯ ದಿನ ಕಫ ನೀರಾಗಿ ಬಂತು. ಶಾಂತಕ್ಕ ಮುದ್ದೆ ಉಂಡಳು. ಬೋರಯ್ಯ ಉಳಿದ ಎಂಟು ಮಾತ್ರೆಗಳನ್ನು ಪಕ್ಕದ ಮನೆಯ ದಾಸಣ್ಣನಿಗೆ ಕೊಟ್ಟುಬಿಟ್ಟ. ಅವನೂ ಕೆಮ್ಮುತ್ತಿದ್ದ.

"ಏಳು ದಿನ ಅಂದಿದ್ರಲ್ಲ, ನೀವೇನು ಡಾಕ್ಟ್ರಿಗಿಂತ ದೊಡ್ಡೋರಾ?" ಎಂದಳು ಶಾಂತಕ್ಕ.

"ಆ ಹುಡುಗಿ ಮೊನ್ನೆ ಓದಿ ಬಂದೋಳು. ನಮ್ದು ಮೂರು ತಲೆಮಾರಿನ ವೈದ್ಯ ಕಣೆ!"

"ನಿಮ್ಮ ತಲೆ ಬಿಟ್ಟು ಎಣಿಸ್ರಿ," ಎಂದು ನಕ್ಕಳು.

ವಾರ ತುಂಬುವುದರೊಳಗೆ ಜ್ವರ ಮರುಕಳಿಸಿತು. ಕಫ ಹಳದಿಯಾಗಿ, ಆಮೇಲೆ ಕೆಂಪಾಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಶಾಂತಕ್ಕನ ಉಸಿರು ನಿಂತಿತು. ಮಾತ್ರೆ ನಡುವೆಯೇ ಬಿಟ್ಟಿದ್ದೇಕೆ ಎಂದು ಅಲ್ಲಿಯವರು ಬೋರಯ್ಯನನ್ನು ಕೇಳಿದ್ದರು.

ತಿಥಿ ಕಳೆದ ಮೇಲೆ ಅವನಿಗೂ ಎದೆ ಕಟ್ಟಿತು. ಮೂರು ಮೆಟ್ಟಿಲು ಹತ್ತಿದರೆ ಗೊರಗೊರ ಸದ್ದು. ದಾಸಣ್ಣ ಬಾಗಿಲಿಗೆ ಆಟೋ ತಂದು ನಿಲ್ಲಿಸಿದ. ಜೇಬಿನಿಂದ ಮಾತ್ರೆಯ ಹಾಳೆ ತೆಗೆದ. ಎಂಟೂ ಹಾಗೇ ಇದ್ದವು.

"ನನ್ನದು ಬೀಡಿ ಕೆಮ್ಮು, ನುಂಗಲಿಲ್ಲಣ್ಣ. ಡಾಕ್ಟ್ರಿಗೆ ತೋರಿಸಿ, ಬೇಕಂದ್ರೆ ನೀನು ಇವನ್ನೇ ನುಂಗುವಂತೆ. ಎದ್ದೇಳು, ಹೋಗಾಣ."

ಬೋರಯ್ಯ ಹಾಳೆಯನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದನ್ನೇ ಹೆಬ್ಬೆರಳಿನಿಂದ ಸವರಿದ. ಮತ್ತೆ ದಾಸಣ್ಣನ ಜೇಬಿಗೇ ತುರುಕಿದ.

"ಇವು ಅವಳ ಪಾಲಿನವು ಕಣೋ. ಅವಳ ಬಾಯಿಂದ ಕಿತ್ಕಂಡಿದ್ದನ್ನ ನುಂಗಿ ನಾನು ಉಸಿರಾಡ್ಲಾ? ಡಾಕ್ಟ್ರೂ ಬ್ಯಾಡ, ನೀನೂ ಬ್ಯಾಡ. ಆಟೋ ವಾಪಸ್ ಕಳ್ಸು."