ಸೋಮವಾರ ತಲುಪಿದ ಬೆಂಕಿ ರೋಗದ ಮುನ್ಸೂಚನೆ

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕೆ.ಆರ್. ನಗರದಲ್ಲಿ ಸಸ್ಯರೋಗ ವಿಭಾಗದ ಅಸಿಸ್ಟೆಂಟ್ ಆಗಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಬಾಟನಿ ಡಿಗ್ರಿ ಮುಗಿಸಿ ಬಂದ ಹುಡುಗಿ. ಮೈಕ್ರೋಸ್ಕೋಪಿನ ಮೇಲಿದ್ದಷ್ಟು ನಂಬಿಕೆ ಮನುಷ್ಯರ ಮೇಲಿರಲಿಲ್ಲ. ಭತ್ತದ ಬ್ಲಾಸ್ಟ್, ರೈತರ ಮಾತಿನಲ್ಲಿ ಬೆಂಕಿ ರೋಗ, ಗಾಳಿಯಲ್ಲಿ ಹರಡುತ್ತದೆ. ಅದರ ಸ್ಪೋರ್‌ಗಳು, ಅಂದರೆ ಬರಿಗಣ್ಣಿಗೆ ಕಾಣದ ಬೀಜಕಣಗಳು, ಪೈರಿನ ಮೇಲೆ ಇಬ್ಬನಿ ಬಹಳ ಹೊತ್ತು ನಿಂತರೆ ಮೊಳೆಯುತ್ತವೆ. ಬದುವಿನ ಕಂಬಕ್ಕೆ ವ್ಯಾಸಲೀನ್ ಸವರಿದ ಗಾಜಿನ ಸ್ಲೈಡ್ ಸಿಕ್ಕಿಸಿ, ಅದಕ್ಕಂಟಿದ ಸ್ಪೋರ್ ಎಣಿಸಿ, ಔಷಧಿ ಹೊಡೆಯಬೇಕೋ ಬೇಡವೋ ಎಂದು ರೈತರಿಗೆ ಮುಂಚೆಯೇ ಹೇಳುವುದು ನನ್ನ ಡ್ಯೂಟಿ.

ಒಮ್ಮೆ ತಪ್ಪಾಗಿತ್ತು. ಸಾಲಿಗ್ರಾಮದ ಹತ್ತಿರದ ರೈತ ಶಿವಬಸಪ್ಪನವರು ನನ್ನ ಮಾತು ಕೇಳಿ ಔಷಧಿ ಹೊಡೆದರು. ಆಮೇಲೆ ಬಿಸಿಲು ಬಿದ್ದು ರೋಗ ಎಲ್ಲೂ ಬರಲಿಲ್ಲ.

"ಏನು ಮೇಡಮ್ಮೋರೆ, ನಿಮ್ಮ ರೋಗ ದಾರಿ ತಪ್ಪಿ ಪಿರಿಯಾಪಟ್ಣಕ್ಕೆ ಓಯ್ತಾ?" ಎಂದು ಸಂತೆಯಲ್ಲಿ ಎಲ್ಲರೆದುರು ಕೇಳಿದರು. ನಾನೂ ನಕ್ಕೆ. ಆದರೆ ಮಾತು ಒಳಗೆ ನಾಟಿಕೊಂಡಿತು.

ತೆನೆ ಹೊರಬೀಳುವ ಕಾಲ ಬಂತು. ಶಿವಬಸಪ್ಪನವರ ಬದುವಿನಿಂದ ಶನಿವಾರದ ಬಸ್ಸಿನಲ್ಲಿ ಬಂದ ಸ್ಲೈಡಿನಲ್ಲಿ ಮೂವತ್ತೇಳು ಸ್ಪೋರ್. ಹಿಂದಿನ ವಾರವೆಲ್ಲ ಎರಡು, ಮೂರು. ಮೋಡ, ತಣ್ಣನೆ ಗಾಳಿ, ಹತ್ತು ಗಂಟೆಗೂ ಆರದ ಇಬ್ಬನಿ. ತೆನೆಯ ಕುತ್ತಿಗೆಗೆ ರೋಗ ತಗುಲಿದರೆ ಕಾಳೇ ಕಟ್ಟುವುದಿಲ್ಲ. ಅವರಿಗಿದ್ದದ್ದು ಆರು ಗದ್ದೆ. ಮನೆಯವರ ವರ್ಷದ ಅನ್ನವೆಲ್ಲ ಅದರಲ್ಲೇ. ಆದರೂ 'ಬಿ ಶ್ಯೂರ್' ಎಂದು ನನಗೆ ನಾನೇ ಹೇಳಿಕೊಂಡು ಭಾನುವಾರದ ಸ್ಲೈಡಿಗೆ ಕಾದೆ. ಅದರಲ್ಲಿ ನೂರು ದಾಟಿತ್ತು.

ಸೋಮವಾರ ಮೊದಲ ಬಸ್ಸು ಹಿಡಿದು ಹೋದೆ. ಮಳೆ ಬರುವುದರೊಳಗೆ, ಇವತ್ತೇ ಹೊಡೆಯಬೇಕು ಎಂದೆ. ಶಿವಬಸಪ್ಪನವರು ಅನುಮಾನಪಡಲಿಲ್ಲ. ಆಕಾಶ ನೋಡಿ, "ಇವತ್ತು ಸೋಮ್ವಾರ ಕಣವ್ವ. ಎತ್ತಿಗೆ ನೊಗ ಇಡಾಕಿಲ್ಲ," ಎಂದರು.

ಬಸವನಿಗೆ ಮೀಸಲಾದ ವಾರ. ಆ ಊರಲ್ಲಿ ಅವತ್ತು ಯಾರೂ ಗಾಡಿ ಕಟ್ಟುವುದಿಲ್ಲ. ಸ್ಪ್ರೇ ಪಂಪು, ಔಷಧಿಗೆ ಕಲಸುವ ಮೈಲುತುತ್ತ, ಸುಣ್ಣದ ಮೂಟೆ ಎಲ್ಲ ಮೂರು ಮೈಲಿ ಆಚೆ, ಸಾಲಿಗ್ರಾಮದ ಡಿಪೋದಲ್ಲಿ. ಎರಡು ವರ್ಷ ಅಲ್ಲಿ ಓಡಾಡಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ಇಬ್ಬರೂ ಬಿರಬಿರನೆ ಸಾಲಿಗ್ರಾಮಕ್ಕೆ ನಡೆದೆವು. ಜಟಕಾ ಓಡಿಸುವ ಖಾದರ್ ಸಾಬರು ವಿಷಯ ಕೇಳಿ, "ರಜಾ ಎತ್ತಿಗೆ ತಾನೆ ಶಿವಬಸಪ್ನೋರೆ? ನನ್ನ ಕುದ್ರೆಗೆ ನಾನು ಶುಕ್ರವಾರಾನೂ ಕೊಟ್ಟಿಲ್ಲ. ಗಾಡಿ ಅತ್ತಿ," ಎಂದರು.

"ಮೂಟೇನ ಇದು ಎಳೀತದಾ, ಇಲ್ಲ ಇದನ್ನೂ ನಾವೇ ಎಳೀಬೇಕಾ?"

"ನೀವು ಇಳಿದು ನಡೆದ್ರೆ ಎಳೀತದೆ."

ಶಿವಬಸಪ್ಪನವರು ಇಳಿದೇ ನಡೆದರು. ಔಷಧಿ ಕಲಸಿ ಶುರು ಮಾಡುವಾಗ ಮಧ್ಯಾಹ್ನ ದಾಟಿತ್ತು. ಇದ್ದದ್ದು ಒಂದೇ ಪಂಪು. ನಾಲ್ಕನೆಯ ಗದ್ದೆ ಮುಗಿಯುವಾಗ ಕತ್ತಲಾಯಿತು. ಮಂಗಳವಾರ ಬೆಳಗಿನಿಂದ ನಾಲ್ಕು ದಿನ ಬಿಡದೆ ಮಳೆ.

ಎರಡು ವಾರದ ಮೇಲೆ ಹೋದೆ. ನಾಲ್ಕು ಗದ್ದೆಗಳಲ್ಲಿ ತೆನೆ ತೂಕಕ್ಕೆ ಬಾಗಿತ್ತು. ಉಳಿದೆರಡರಲ್ಲಿ ಬೆಳ್ಳಗೆ, ನೆಟ್ಟಗೆ ನಿಂತಿತ್ತು. ಶನಿವಾರವೇ ನನಗೆ ಗೊತ್ತಿತ್ತು, ನಗೆಪಾಟಲಾದೇನೆಂದು ಒಂದು ದಿನ ಕಾದೆ ಎಂದು ಒಪ್ಪಿಕೊಂಡೆ.

ಶಿವಬಸಪ್ಪನವರು ಒಂದು ಜೊಳ್ಳು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿದರು. "ಅವತ್ತೇ ಅಂದಿದ್ರೆ ಭಾನುವಾರ ಗಾಡಿ ಕಟ್ತಿದ್ದೆ. ಸುಳ್ಳಾಗಿದ್ರೆ ಬಯ್ತಿದ್ದೆ ಕಣವ್ವ, ಅಷ್ಟೇಯ."

ಆಮೇಲೆ ಎಷ್ಟೋ ವರ್ಷ ಮುನ್ಸೂಚನೆ ಕೊಟ್ಟೆ. ಅನುಮಾನವಿದ್ದರೆ ಅದನ್ನೂ ಸೇರಿಸಿ, ಕಂಡ ದಿನವೇ ಹೇಳಿದೆ. ರಿಟೈರ್ ಆಗುವವರೆಗೂ ಬೈಗುಳಕ್ಕೆ ಕೊರತೆಯಾಗಲಿಲ್ಲ.