ಅರ್ಧ ಗುಳಿಗೆ

ಬಾಪೂಜಿ ನಗರದ ವಠಾರದಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಗುರವ್ವನ ಮನೆಯಲ್ಲಿ ಒಬ್ಬರೇ ತಿನ್ನುವುದೆಂಬುದೇ ಇರಲಿಲ್ಲ. ಒಂದು ಬಾಳೆಹಣ್ಣು ಬಂದರೂ ಮೂರು ತುಂಡು: ಗಂಡ ಲಿಂಗಪ್ಪನಿಗೊಂದು, ಮಗಳು ಭುವನೇಶ್ವರಿಗೊಂದು, ತನಗೊಂದು. ಬಾಗಲಕೋಟೆ ಕಡೆಯಿಂದ ಬರುವಾಗ ಜೊತೆಗೆ ತಂದ ಒಳ್ಳೆಯ ಗುಣ. ಹಾಳಾದ್ದು, ಅದೇ ಮುಳುವಾಯಿತು.

ಎರಡು ಸಾವಿರದ ಏಳರಲ್ಲಿ ಅವಳಿಗೆ ಕ್ಷಯ ಬಂತು. ಮೊದಮೊದಲು ಆಸ್ಪತ್ರೆಯಲ್ಲಿ ನರ್ಸಮ್ಮ ಕಣ್ಣೆದುರೇ ಗುಳಿಗೆ ನುಂಗಿಸುತ್ತಿದ್ದರು. ಕೆಮ್ಮು ಇಳಿದ ಮೇಲೆ ವಾರಕ್ಕೊಮ್ಮೆ ಅಲ್ಲಿ ನುಂಗಿ, ಉಳಿದದ್ದನ್ನು ಮನೆಗೆ ತರಬೇಕಿತ್ತು. ಅಷ್ಟರಲ್ಲಿ ಗಾರೆ ಕೆಲಸದ ಲಿಂಗಪ್ಪನೂ ಕೆಮ್ಮತೊಡಗಿದ್ದ. ಆಸ್ಪತ್ರೆ ಎಂದರೆ ಸಾಕು, ಎಗರಾಡುತ್ತಿದ್ದ.

"ಇಬ್ಬರಿಗೂ ಐತಿ ಅಂತ ಗೊತ್ತಾದ್ರ ಓನರು ಮನಿ ಬಿಡಸ್ತಾನ!"

ಗುರವ್ವ ತನ್ನ ಗುಳಿಗೆಗಳಲ್ಲಿ ಅರ್ಧ ಅವನಿಗೆ ಕೊಟ್ಟಳು. ಅವಳು ಹೇಗೋ ಉಳಿದುಕೊಂಡಳು. ಅವನು ಎರಡು ವರ್ಷ ಏಳುತ್ತಾ ಬೀಳುತ್ತಾ ಕಳೆದು, ಕೊನೆಗೆ ರಕ್ತ ಕಾರಿ ಆಸ್ಪತ್ರೆ ಸೇರಿದ. ಯಾವ ಗುಳಿಗೆಯೂ ನಾಟಲಿಲ್ಲ.

"ನೋಡಮ್ಮ, ಈ ಕ್ರಿಮಿಯ ಜೀನ್‌ನಲ್ಲೇ ಬದಲಾವಣೆ ಆಗಿದೆ," ಎಂದರು ಡಾಕ್ಟರು. "ಔಷಧಿ ಹಿಡ್ಕೊಳ್ಳೋ ಜಾಗಾನೇ ಬೇರೆ ಥರ ಆಗ್ಬಿಟ್ಟಿದೆ. ಅಂಥವು ಮೊದ್ಲು ಎಲ್ಲೋ ಒಂದೆರಡು ಇರ್ತವೆ. ಔಷಧಿ ಅರೆಬರೆ ತಗೊಂಡ್ರೆ ಮಿಕ್ಕಿದ್ದೆಲ್ಲ ಸತ್ತು ಅವೇ ಬೆಳೀತವೆ. ಅವುಗಳ ಮರಿಗಳೂ ಹಾಗೇ ಹುಟ್ತವೆ. ಇವರು ಹಿಂದೆ ಏನಾದ್ರೂ ಅರ್ಧಂಬರ್ಧ ತಗೊಂಡಿದ್ರಾ?"

ಗುರವ್ವ ಇಲ್ಲವೆಂದು ತಲೆಯಾಡಿಸಿದಳು.

ಲಿಂಗಪ್ಪ ಹೋದ. ಅಳುವುದಕ್ಕೂ ಪುರುಸೊತ್ತಿಲ್ಲದಂತೆ ಒಂಬತ್ತು ವರ್ಷದ ಭುವನೇಶ್ವರಿ ಕೆಮ್ಮಿದಳು. ಅಪ್ಪನ ಪಕ್ಕದಲ್ಲೇ ಮಲಗುತ್ತಿದ್ದ ಹುಡುಗಿ. ಕಫ ಪರೀಕ್ಷೆಗೆ ಹೋಯಿತು. ಫಲಿತಾಂಶ ಬರುವತನಕ ಗುರವ್ವನ ಜೀವ ಕೈಯಲ್ಲಿತ್ತು. ಮಗಳು ಗಂಟಲು ಸರಿಮಾಡಿಕೊಂಡರೂ ಹೊಸೆಯುವ ಕೈ ನಿಂತುಬಿಡುತ್ತಿತ್ತು. ಸಾದಾ ಕ್ಷಯವೇ ಆಗಿರಲೆಂದು ಅವಳು ದೇವರಿಗೆ ಹರಕೆ ಹೊತ್ತಳು. ಯಾವ ತಾಯಿಗೂ ಬರಬಾರದ ಹರಕೆ.

ಅಪ್ಪನದೇ ಕ್ರಿಮಿ ಬಂದಿತ್ತು.

ಬೇರೆ ಔಷಧಿ ಇದೆ, ವರ್ಷಗಟ್ಟಲೆ ತಪ್ಪದೆ ನುಂಗಬೇಕು, ಆಮೇಲೆ ನೋಡೋಣ ಎಂದರು ಡಾಕ್ಟರು. ಮಾರನೆಯ ಬೆಳಿಗ್ಗೆ ಮಗಳ ಕೈಗೆ ಗುಳಿಗೆ ಕೊಟ್ಟು ನೀರು ತರಲು ಎದ್ದ ಗುರವ್ವನಿಗೆ ಊದುಬತ್ತಿ ಪುಡಿ ಮೂಗಿಗೇರಿ ಕೆಮ್ಮು ಬಂತು. ತಿರುಗಿದರೆ, ಭುವನೇಶ್ವರಿ ಗುಳಿಗೆಯನ್ನು ಹಲ್ಲಿನಿಂದ ತುಂಡು ಮಾಡಿ ಕೈ ಚಾಚಿದ್ದಳು.

"ಅವ್ವಾ, ನೀನೂ ಕೆಮ್ಮಾಕತ್ತಿ. ಅರ್ಧ ನಿನಗ."

ಗುರವ್ವ ಓಡಿಬಂದು ಆ ಚೂರನ್ನು ಮಗಳ ಬಾಯಿಗೇ ತುರುಕಿದಳು.

"ನುಂಗು! ಯಾರಿಗೂ ಕೊಡಬ್ಯಾಡ. ನಾ ಸತ್ತರೂ ನನಗ ಕೊಡಬ್ಯಾಡ!"

ಬೆದರಿದ ಹುಡುಗಿ ನುಂಗಿದಳು. ಗುರವ್ವ ಅವಳ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಬೆರಳಿನಿಂದ ಒಳಗೆಲ್ಲ ತಡಕಿದಳು.