ನಿಂತ ಕಸಬರಿಗೆ

ನಮ್ಮ ಮನೆಯಲ್ಲಿ ಯಾರಾದರೂ ಊರಿಗೆ ಹೊರಟರೆ ಅವರ ಹಿಂದೆ ಕಸ ಗುಡಿಸುವಂತಿಲ್ಲ. ಹೋದವರು ಮುಟ್ಟಿದ ಸುದ್ದಿ ಬರುವ ತನಕ ಕಸಬರಿಗೆ ಕೈಗೆತ್ತಿಕೊಳ್ಳಬಾರದು. ಬಾಗಿಲು ದಾಟಿದ ಕೂಡಲೇ ಹಿಂದಿನಿಂದ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ನಮ್ಮ ಅತ್ತೆ ವಿಜಯಪುರದಿಂದ ಪುಣೆಗೆ ಬರುವಾಗ ಬಿಟ್ಟು ಬಂದ ಸಾಮಾನುಗಳು ಬಹಳ, ಆದರೆ ಈ ನೇಮವನ್ನು ಬಿಟ್ಟು ಬರಲಿಲ್ಲ. ನಮ್ಮವರು ಮೆಣಸಿನಕಾಯಿ ವ್ಯಾಪಾರಕ್ಕೆಂದು ಬ್ಯಾಡಗಿಗೆ ಹೋಗಲಿ, ಮುಂಬಯಿಗೆ ಹೋಗಲಿ, ಕೆಲಸದವಳು ಬಂದರೆ ಅತ್ತೆ ಬಾಗಿಲಲ್ಲೇ ತಡೆದು, "ಇವತ್ತ ಕಸಾ ಬ್ಯಾಡವಾ, ಬರೇ ಭಾಂಡೆ ತಿಕ್ಕಿ ಹೋಗು" ಅನ್ನುತ್ತಿದ್ದರು. ನಾನೂ ಈ ನೇಮವನ್ನು ನಂಬಿದ್ದೆ. ನಂಬಿದ್ದೆ ಎನ್ನುವುದಕ್ಕಿಂತ ಅದರಲ್ಲಿ ಒಂದು ಪ್ರೀತಿ ಇದೆ ಅಂದುಕೊಂಡಿದ್ದೆ.

ನಾಯಿಯ ಮಾತಿಗೆ ಬರುತ್ತೇನೆ. ಅದು ನಾವು ಬೇಡಿ ತಂದದ್ದಲ್ಲ. ನಮ್ಮ ಕೆಳಗಿನ ಮನೆಯವರು ಸೊಸೈಟಿ ಬಿಟ್ಟು ಹೋಗುವಾಗ ಫ್ರಿಜ್ಜು, ಪಲ್ಲಂಗ, ತುಳಸಿ ಕುಂಡ ಎಲ್ಲವನ್ನೂ ಟೆಂಪೊಗೆ ಏರಿಸಿದರು, ಇದನ್ನು ಮಾತ್ರ ಪಾರ್ಕಿಂಗಿನಲ್ಲಿ ಬಿಟ್ಟು ಹೋದರು. ಬಿಳಿಯ ಪಾಮೆರಿಯನ್. ಟೆಂಪೊ ಹೋದ ಗೇಟಿನ ಕಡೆ ಮುಖ ಮಾಡಿ ಊಟ ನೀರು ಬಿಟ್ಟು ಕುಳಿತಿತ್ತು. ಮೊಸರನ್ನ ಕಲಸಿಕೊಂಡು ಹೋಗಿ ಇಟ್ಟೆ. ಮೊದಲು ಮೂಸಿಯೂ ನೋಡಲಿಲ್ಲ. ಆಮೇಲೆ ತಿಂದಿತು, ತಿಂದದ್ದೇ ನನ್ನ ಹಿಂದೆ ಲಿಫ್ಟ್ ಹತ್ತಿತು. ಅಂದಿನಿಂದ ಅದು ನನ್ನ ನಾಯಿ. ಮಕ್ಕಳಿಲ್ಲದ ಮನೆಯಲ್ಲಿ ನಾಯಿಯೊಂದು ಬಂದರೆ ಜನ ಏನೇನು ಅನ್ನುತ್ತಾರೋ ಅದನ್ನೆಲ್ಲ ನನ್ನ ಕಿವಿಗೆ ಬೀಳುವ ಹಾಗೆಯೇ ಅಂದರು. ನಾನು ಸಂತೆಗೆ ಹೋಗಿ ಬಂದರೂ ಅದು ಬಾಗಿಲ ಕಡೆ ಮುಖ ಮಾಡಿ ಕುಳಿತಿರುತ್ತಿತ್ತು. ಒಮ್ಮೆ ಬಿಟ್ಟು ಹೋಗಿದ್ದರ ಭಯ ಅದನ್ನು ಬಿಟ್ಟಿರಲಿಲ್ಲ. ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲ ಎಂದು ಅದರ ತಲೆ ಸವರಿ ನಾನು ಹೇಳಿದ್ದೆ. ನಾಯಿಗೆ ಕೊಟ್ಟ ಮಾತಲ್ಲವೇ, ಯಾರು ಕೇಳುತ್ತಾರೆ.

ಕೂದಲು ಉದುರುವುದು ಅದರ ಧರ್ಮ. ದಿವಾನಿನ ಕೆಳಗೆ, ಅತ್ತೆಯ ನವಲಗುಂದ ಜಮಖಾನದ ಮೇಲೆ, ರೊಟ್ಟಿ ಬುಟ್ಟಿಯ ಮುಚ್ಚಳದ ಮೇಲೂ ಬಿಳಿ ಎಳೆಗಳು. ಅತ್ತೆಗೆ ಉಬ್ಬಸ ಹಳೆಯದು. ನಾಯಿ ಬರುವ ಮುಂಚೆಯೂ ಚಳಿಗಾಲ ಬಂತೆಂದರೆ ಎದೆ ಸೀಟಿ ಊದುತ್ತಿತ್ತು. ಆಗ ಅದು ಪುಣೆಯ ಹವೆ. ನಾಯಿ ಬಂದ ಮೇಲೆ ಅದು ನಾಯಿ.

"ನಿನ್ನ ನಾಯಿ ಕೂದಲ ನನ್ನ ಎದಿಯೊಳಗ ಗೂಡ ಕಟ್ಯಾವ," ಎಂದು ಅತ್ತೆ ಬಂದವರೆದುರಿಗೆಲ್ಲ ಹೇಳುವರು.

ಡಾಕ್ಟರು, ಮನೆಯಲ್ಲಿ ಧೂಳು ಮತ್ತು ಕೂದಲು ಕಡಿಮೆ ಮಾಡಿ, ಕಸಬರಿಗೆಯಿಂದ ಗುಡಿಸಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ, ವ್ಯಾಕ್ಯೂಮ್ ಕ್ಲೀನರ್ ತನ್ನಿ ಅಂದರು. ನಾಯಿಯನ್ನು ಕಳಿಸಿ ಅನ್ನಲಿಲ್ಲ, ಇಟ್ಟುಕೊಳ್ಳಿ ಎಂದೂ ಅನ್ನಲಿಲ್ಲ. ಅವರವರಿಗೆ ಬೇಕಾದದ್ದನ್ನು ಅವರವರು ಕೇಳಿಸಿಕೊಂಡರು. ಗಾಡಿಯಲ್ಲಿ ಬರುವಾಗ ನಮ್ಮವರು ನನ್ನ ಮುಖ ನೋಡದೆಯೇ ಹೇಳಿದರು: "ನೋಡು, ಇದು ಕಡೀದು. ಮಶೀನ್ ತರೋಣು. ಅದರಿಂದ ಅವ್ವಗ ಆರಾಮ ಆತಂದ್ರ ನಾಯಿ ಇರಲಿ. ಇಲ್ಲಂದ್ರ ನಾಯಿ ಹೋಗಬೇಕು. ಆಮ್ಯಾಲ ಅಳಬ್ಯಾಡ ಮತ್ತ."

ಜನ ಮದುವೆಗೆ ಸೀರೆ ಆರಿಸುತ್ತಾರೆ, ನಾನು ನಾಯಿಯ ಅನ್ನ ಉಳಿಸಲು ಯಂತ್ರ ಆರಿಸಲು ಹೋದೆ. ಹೋಗುವ ಮುಂಚೆ ನಾಯಿಯ ಮೈ ಬಾಚಿ, ಬಂದ ಕೂದಲನ್ನು ತೊಳೆದ ಹಾಲಿನ ಚೀಲದಲ್ಲಿ ಒತ್ತಿ ತುಂಬಿಕೊಂಡೆ. ಅಂಗಡಿಯ ಸೇಲ್ಸ್‌ಮನ್ ತನ್ನ ಡಬ್ಬಿಯಿಂದ ಅವಲಕ್ಕಿ ತೆಗೆದು ದಪ್ಪ ಕಾರ್ಪೆಟ್ಟಿನ ಮೇಲೆ ಚೆಲ್ಲಿ, ಯಂತ್ರ ಓಡಿಸಿ, ಜಾದೂಗಾರನ ಹಾಗೆ ನಮ್ಮ ಮುಖ ನೋಡಿದ. ನಮ್ಮ ಮನೆಯಲ್ಲಿ ಅವಲಕ್ಕಿಯನ್ನು ನೆಲದ ಮೇಲೆ ಯಾರೂ ಉದುರಿಸುವುದಿಲ್ಲ, ಉದುರಿದರೆ ಆಯ್ದು ತಿನ್ನುತ್ತೇವೆ. ನಾನು ಚೀಲ ಬಿಚ್ಚಿ ಕೂದಲು ಸುರಿದೆ.

"ಮ್ಯಾಡಮ್, ಹೇ ಕಾಯ ಆಹೆ?" ಎಂದು ಇದೇನಿದು ಎನ್ನುವ ಮುಖ ಮಾಡಿ ಅವನು ಹಿಂದೆ ಸರಿದ.

"ನಮ್ಮ ನಾಯೀದು. ಈಗ ತಗೀರಿ ನೋಡೋಣ," ಎಂದು ಅವನ ಮರಾಠಿಗೆ ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಸಿಟ್ಟು ಬಂದಾಗ ನನಗೆ ಮರಾಠಿ ಬರುವುದಿಲ್ಲ. ನಮ್ಮವರು ನಾಚಿಕೆಯಿಂದ ಮಿಕ್ಸರ್‌ಗಳ ಸಾಲಿನ ಕಡೆ ಹೊರಳಿದರು.

ಮೊದಲನೆಯ ಯಂತ್ರದ ಕುಂಚದ ಉರುಳೆಗೆ ಕೂದಲು ಬತ್ತಿ ಹೊಸೆದಂತೆ ಸುತ್ತಿಕೊಂಡಿತು. ಕತ್ತರಿಯಿಂದ ಕತ್ತರಿಸಿ ತೆಗೆಯಬೇಕಾಯಿತು. ಇನ್ನೊಂದು ಕಾರ್ಪೆಟ್ಟಿನ ಮೇಲೆ ಚೆನ್ನಾಗಿ ನಡೆಯಿತು, ಬರಿಯ ಫರಸಿ ನೆಲದ ಮೇಲೆ ಬಿಟ್ಟರೆ ಕೂದಲನ್ನು ಎಳೆದುಕೊಳ್ಳುವ ಬದಲು ಮುಂದೆ ಮುಂದೆ ಓಡಿಸಿತು. ಮಗದೊಂದು ಭಾರ, ದಿವಾನಿನ ಕೆಳಗೆ ಹೋಗಲು ಬಗ್ಗದು. ಕೊನೆಗೆ ಒಂದು ಸಿಕ್ಕಿತು. ಉರುಳೆಗೆ ಎಳೆಕುಂಚದ ಬದಲು ರಬ್ಬರಿನ ಪಟ್ಟಿ, ಎದೆಯ ಮೇಲೆ ಕಸ ತುಂಬುವ ಪಾರದರ್ಶಕ ಡಬ್ಬಿ, ಅದರ ಮೇಲೆ ತೊಳೆಯಬಹುದಾದ ಫಿಲ್ಟರ್. ಹಿಡಿಕೆ ಹಿಡಿದು ನೆಟ್ಟಗೆ ನಿಂತೇ ಓಡಿಸಬಹುದು, ಕೆಲಸ ಮುಗಿದರೆ ತಾನೇ ನಿಲ್ಲುತ್ತದೆ. ಕೂದಲನ್ನು ಒಂದೇ ಎಳೆತಕ್ಕೆ ನುಂಗಿತು. ನಾಯಿ ಉಳಿಯಿತು ಅಂದುಕೊಂಡೆ. ಅಂಗಡಿಯಲ್ಲೇ ಕಣ್ಣು ತುಂಬಿ ಬಂತು, ಧೂಳು ಬಿತ್ತೆಂದು ಸೆರಗಿನಿಂದ ಒರೆಸಿಕೊಂಡೆ.

ಡಬ್ಬ ಕಟ್ಟುವಾಗ ಸೇಲ್ಸ್‌ಮನ್ ಆ ಕಸದ ಡಬ್ಬಿಯ ಮೇಲೆ ಬೆರಳಿಟ್ಟು, ಇದನ್ನು ಯಾವಾಗಲೂ ನಿಲ್ಲಿಸಿಯೇ ಇಡಿ, ಮಲಗಿಸಿದರೆ ಕಸವೆಲ್ಲ ಹಿಂದಕ್ಕೆ ಫಿಲ್ಟರಿಗೆ ಹೋಗುತ್ತದೆ ಎಂದು ಹೇಳಿದ. ಉಭಾ ಠೇವಾ, ಉಭಾ ಠೇವಾ ಎಂದು ಲಿಫ್ಟಿನವರೆಗೂ ಬಂದು ಹೇಳಿದ.

ಮೊದಲ ದಿನ ಯಂತ್ರ ಹಚ್ಚಿದಾಗ ನಾಯಿ ಬಚ್ಚಲು ಸೇರಿತು. ಅತ್ತೆ ಮಾತ್ರ ಕಸದ ಡಬ್ಬಿಯಲ್ಲಿ ತುಂಬಿದ ಬಿಳಿ ಅರಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇಷ್ಟೆಲ್ಲಾ ನಮ್ಮ ಮನ್ಯಾಗಿತ್ತೇನ?" ಎಂದು ಬೆರಗಾದರು. ಆ ವಾರವೇ ಅವರ ಕೆಮ್ಮು ಇಳಿಯಿತು. ರೊಟ್ಟಿ ಬಡಿಯುವಾಗ ನಾನು ಹಾಡು ಗುನುಗುತ್ತಿದ್ದೆನಂತೆ, ನಮ್ಮವರೇ ಹೇಳಿದರು.

ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಯಂತ್ರ ಅತ್ತೆಯ ದಿವಾನಿನ ಕೆಳಗೆ ಅಂಗಾತ ಮಲಗಿತ್ತು.

"ಕಸಬರಗಿ ನಿಂದ್ರಿಸಬಾರದವಾ. ಬಂದವರ ಕಣ್ಣಿಗೆ ಬೀಳಬಾರದು. ನಿಂತ ಕಸಬರಗಿ ಮನ್ಯಾಗ ಜಗಳ ತರತದ," ಅಂದರು ಅತ್ತೆ.

"ಇದು ಮಶೀನ್ರಿ ಅತ್ತಿ. ಮಲಗಿಸಿದ್ರ ಕೆಡತದ."

"ಕಸಾ ತಗಿಯೋದೆಲ್ಲಾ ಕಸಬರಗಿನ. ಲೈಟ್ ಮ್ಯಾಲ ನಡದ್ರೇನು, ಕೈಮ್ಯಾಲ ನಡದ್ರೇನು."

ಹೀಗೆ ಯಂತ್ರ ನಮ್ಮ ಮನೆಯಲ್ಲಿ ಕಸಬರಿಗೆಯ ಜಾತಿಗೆ ಸೇರಿತು. ದೀಪ ಹಚ್ಚಿದ ಮೇಲೆ ಅದನ್ನು ಮುಟ್ಟುವಂತಿರಲಿಲ್ಲ, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕಿತ್ತು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಪುಣೆಯವರೆಲ್ಲ ಹೊಸ ಕಸಬರಿಗೆ ತಂದು ಪೂಜಿಸುವ ಹಾಗೆ ಅತ್ತೆ ಯಂತ್ರದ ಹಣೆಗೆ ಅರಿಷಿಣ ಕುಂಕುಮ ಹಚ್ಚಿ ಮಲ್ಲಿಗೆ ಮಾಲೆ ಹಾಕಿದರು. ನಾನು ಬೆಳಿಗ್ಗೆ ನಿಲ್ಲಿಸುವುದು, ಮಧ್ಯಾಹ್ನ ಅವರು ಕೆಲಸದವಳಿಂದ ಮಲಗಿಸುವುದು. ಸೇಲ್ಸ್‌ಮನ್ ಹೇಳಿದ್ದೇ ಆಯಿತು. ಕಸ ಹಿಂದಕ್ಕೆ ಸರಿದು ಫಿಲ್ಟರಿಗೆ ಮೆತ್ತಿತು. ಯಂತ್ರಕ್ಕೆ ಎಳೆಯುವ ಕಸುವು ಹೋಯಿತು. ಹಚ್ಚಿದರೆ ಹಿಂದಿನಿಂದ ಬೂದಿಯಂಥ ಧೂಳು ಉಗುಳಿ ಕೋಣೆ ತುಂಬುತ್ತಿತ್ತು. ಮಲಗುತ್ತಿದ್ದದ್ದು ಅತ್ತೆಯ ದಿವಾನಿನ ಕೆಳಗೇ, ಉಗುಳುತ್ತಿದ್ದದ್ದು ಅತ್ತೆಯ ಕೋಣೆಯಲ್ಲೇ. ಫಿಲ್ಟರ್ ತೊಳೆದು ಬಾಲ್ಕನಿಯಲ್ಲಿ ಒಣಗಿಸಿ ನಾನು ಸರಿ ಮಾಡಿದರೆ ಸಂಜೆಗೆ ಮತ್ತೆ ಮಲಗಿರುತ್ತಿತ್ತು. ಉಬ್ಬಸ ತಿರುಗಿ ಬಂತು, ಮೊದಲಿಗಿಂತ ಜೋರಾಗಿ.

ನಮ್ಮವರಿಗೆ ಬಿಡಿಸಿ ಹೇಳಿದೆ. ಕಸದ ಡಬ್ಬಿ ಬಿಚ್ಚಿ ಫಿಲ್ಟರ್ ತೋರಿಸಿದೆ. ಕಣ್ಣಿಗೆ ಕಾಣುವ ಸತ್ಯ. ಅವರು ನೋಡಿದರು, ನೋಡಿ ಪೇಪರ್ ಮೇಲೆತ್ತಿಕೊಂಡರು.

"ಅವ್ವನ ವಯಸ್ಸಿನಾಗ ಅಕಿಗೆ ಹೊಸಾದು ಕಲಿಸೂದು ಆಗತದೇನು? ನೀ ಸುಮ್ನಿರು. ಮಶೀನ್ ತಂದ್ರೂ ಆಗಲಿಲ್ಲ ಅಂದ್ರ ನಾಯೀದ ತಪ್ಪು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಾದೆ ಕೇಳಿದ್ದೆ, ಬರೆ ಎಳೆಯುವುದನ್ನು ಕಣ್ಣಾರೆ ನೋಡಿದ್ದು ಆಗ. ಅವ್ವನಿಗೆ ಒಂದು ಮಾತು ಹೇಳುವುದಕ್ಕಿಂತ ನಾಯಿಯನ್ನು ಹೊರಗೆ ಹಾಕುವುದು ಅವರಿಗೆ ಸುಲಭವಾಗಿತ್ತು. ಮದುವೆಯಾದಂದಿನಿಂದ ಅವರು ಎಲ್ಲ ಕೆಲಸಕ್ಕೂ ಸುಲಭದ ದಾರಿಯನ್ನೇ ಹಿಡಿದವರು, ಆ ದಾರಿ ಯಾವಾಗಲೂ ನನ್ನ ಮೇಲೆ ಹಾದು ಹೋಗುತ್ತಿತ್ತು.

ಅಷ್ಟರಲ್ಲಿ ತವರಿನಲ್ಲಿ ತಮ್ಮನ ಮಗಳ ಕುಬುಸ ಬಂತು. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸುವ ಕಾರ್ಯ, ಹೋಗದಿರಲಾಗದು. ನಾನು ಚೀಲ ಹಿಡಿದು ಹೊರಟಾಗ ನಾಯಿ ಬಾಗಿಲಲ್ಲಿ ಕುಳಿತು ನನ್ನ ಚಪ್ಪಲಿ ನೋಡುತ್ತಿತ್ತು. ಹಿಂದಿನಿಂದ ಅತ್ತೆ ಕೆಲಸದವಳಿಗೆ, "ಇವತ್ತ ಮಶೀನ್ ಹಚ್ಚಬ್ಯಾಡ, ಅಕಿ ಊರಿಗೆ ಹೊಂಟಾಳ," ಅನ್ನುವುದು ಕೇಳಿಸಿತು. ಆ ಮಾತಿಗೆ ನನ್ನ ಮನಸ್ಸು ಮೆತ್ತಗಾಯಿತು. ನಾನು ತಿರುಗಿ ಬರಬೇಕೆಂಬ ಆಸೆ ಈ ಮನೆಯಲ್ಲಿ ಒಬ್ಬರಿಗಾದರೂ ಇದೆಯಲ್ಲ ಅನ್ನಿಸಿತು.

ತಿರುಗಿ ಬಂದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ನಾಯಿಯ ತಾಟಿಲ್ಲ, ಸರಪಳಿಯಿಲ್ಲ. ಫರಸಿ ಕನ್ನಡಿಯಂತೆ ಹೊಳೆಯುತ್ತಿತ್ತು.

"ಶಿರೂರ ಕಡೆ ನಮ್ಮ ಗಿರಾಕಿಯವರ ತೋಟ ಅದ, ಅಲ್ಲಿ ಬಿಟ್ಟು ಬಂದೀನಿ," ಅಂದರು ನಮ್ಮವರು, ಟೀವಿಯ ಕಡೆ ನೋಡುತ್ತಾ. "ಸ್ವಲ್ಪ ದಿನ ಅಷ್ಟ. ಅವ್ವಗ ಆರಾಮ ಆಗಲಿ, ಹೋಗಿ ತರೋಣು. ಅಲ್ಲಿ ಓಡ್ಯಾಡಲಿಕ್ಕೆ ಭಾಳ ಜಾಗ ಅದ."

ನಂಬಬೇಕೆಂದುಕೊಂಡೆ. ಕೆಲಸದವಳು ಯಾದಗಿರಿ ಕಡೆಯವಳು, ಬಾಯಿ ಬಿಗಿ ಇಲ್ಲದವಳು. ಮರುದಿನ ಭಾಂಡೆ ತಿಕ್ಕುತ್ತಾ ತಾನಾಗಿಯೇ ಹೇಳಿದಳು: "ಸಾಹೇಬ್ರು ನಾಯೀನ ಲಿಫ್ಟಿನಾಗ ಹತ್ತಿಸಿದ್ರಿ. ಅತ್ತಿಯವ್ರು ಅಲ್ಲೇ ನಿಂತು, ಮಶೀನ್ ತಗಿ, ಈಗಿಂದೀಗ ಮನಿಯೆಲ್ಲಾ ಹೊಡಿ ಅಂದ್ರು. ಲಿಫ್ಟ್ ಇನ್ನಾ ಕೆಳಗ ಮುಟ್ಟಿದ್ದಿಲ್ರಿ."

ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಅತ್ತೆಯ ಕೋಣೆಗೆ ಹೋದೆ. ಯಂತ್ರ ಮೂಲೆಯಲ್ಲಿ ನೆಟ್ಟಗೆ ನಿಂತಿತ್ತು. ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಯಾರೂ ಅದನ್ನು ಮಲಗಿಸಿರಲಿಲ್ಲ.

"ಹೋದವರ ಹಿಂದ ಕಸಾ ಹೊಡಿಬಾರದಲ್ರಿ ಅತ್ತಿ?"

ಅವರು ಜಪಮಾಲೆ ನಿಲ್ಲಿಸಲಿಲ್ಲ. "ಅದು ಮಶೀನ್ ಅಲ್ಲೇನವಾ. ಕಸಬರಗಿ ಎಲ್ಲಿ ಅದ?"

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಸ್ವಲ್ಪ ದಿನ ಅಷ್ಟ ಎಂಬ ಮಾತಿನ ಬೆಲೆ ನನಗೆ ಆಗಲೇ ಗೊತ್ತಾಯಿತು. ಆದರೂ ಶಿರೂರಿಗೆ ಕರೆದೊಯ್ಯಿರಿ ಎಂದು ದಿನವೂ ಕೇಳಿದೆ. ಇವತ್ತು ಮಾಲು ಬಂದಿದೆ, ನಾಳೆ ಗಾಡಿ ಕೆಟ್ಟಿದೆ. ನಾನೇ ತೋಟದವರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ. ನಾಯಿ ಊಟ ಅಷ್ಟಕ್ಕಷ್ಟೇ, ಇಡೀ ದಿನ ರಸ್ತೆಯ ಕಡೆ ಮುಖ ಮಾಡಿ ಕೂತಿರುತ್ತದೆ ವಹಿನಿ, ಅಂದ. ನಾಳೆ ಬಸ್ಸಿಗೆ ಬರುತ್ತೇನೆ ಅಂದೆ. ಬೆಳಿಗ್ಗೆ ನಾನು ಹೊರಡುವ ಮುಂಚೆ ಅವನದೇ ಫೋನ್ ಬಂತು. ಸರಪಳಿ ಹರಿದುಕೊಂಡು ಪುಣೆಯ ದಿಕ್ಕಿಗೆ ಹೆದ್ದಾರಿ ಹಿಡಿದಿತ್ತಂತೆ. ಟ್ರಕ್ಕಿನವನು ನಿಲ್ಲಿಸಲೂ ಇಲ್ಲವಂತೆ. ಮಣ್ಣು ಮಾಡಿದ್ದೇನೆ, ಬೇಕಿದ್ದರೆ ಬಂದು ಜಾಗ ನೋಡಿ ಅಂದ.

ನಮ್ಮವರು, "ಆಯಸ್ಸು ಅಷ್ಟ ಇತ್ತು," ಅಂದರು. ಅತ್ತೆ ನನಗೆ ಒಂದು ಲೋಟ ಚಹಾ ಮಾಡಿ ಕೊಟ್ಟರು. ಉಬ್ಬಸ ಮಾತ್ರ ಹೋಗಲಿಲ್ಲ. ಈಗ ಅದು ಮತ್ತೆ ಪುಣೆಯ ಹವೆಯಾಗಿದೆ.

ಮುಂದಿನ ಹಂಗಾಮಿನಲ್ಲಿ ನಮ್ಮವರು ಖರೀದಿಗೆ ಬ್ಯಾಡಗಿಗೆ ಹೊರಟರು. ಅತ್ತೆ ಅವರ ಹಣೆಗೆ ದೇವರ ಅಂಗಾರದ ಬೊಟ್ಟು ಹಚ್ಚಿ, ಕೈಯಲ್ಲಿ ಮೊಸರು ಹಾಕಿ ಕಳಿಸಿದರು. ಲಿಫ್ಟಿನ ಬಾಗಿಲು ಮುಚ್ಚಿತು. ನಾನು ಒಳಗೆ ಬಂದು ಯಂತ್ರ ಎಳೆದು ತಂದೆ, ಪ್ಲಗ್ ಚುಚ್ಚಿದೆ, ಹೊಸ್ತಿಲಿನಿಂದಲೇ ಶುರು ಮಾಡಿದೆ.

ಅತ್ತೆಯ ಮುಖ ಸುಣ್ಣದ ಗೋಡೆಯಾಯಿತು. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ, ಎರಡೂ ಕೈ ಎತ್ತಿ ಬೇಡ ಬೇಡ ಅನ್ನುತ್ತಿದ್ದರು. ನಾನು ನಿಲ್ಲಿಸಿದೆ.

"ಏನ್ರಿ ಅತ್ತಿ?"

"ನನ್ನ ಮಗಾ ಇನ್ನಾ ಗೇಟ್ ದಾಟಿಲ್ಲ," ಅಂದರು. 

"ಇದು ಮಶೀನ್ ಅಲ್ಲೇನ್ರಿ. ಕಸಬರಗಿ ಎಲ್ಲಿ ಅದ?"

ಮತ್ತೆ ಹಚ್ಚಿದೆ. ಮನೆಯೆಲ್ಲ ಮುಗಿಯುವ ತನಕ ಬಿಡಲಿಲ್ಲ. ನಮ್ಮವರು ಎರಡು ದಿನ ಬಿಟ್ಟು ಸುಖವಾಗಿ ತಿರುಗಿ ಬಂದರು. ಅಲ್ಲಿಯ ತನಕ ಅತ್ತೆ ಊಟ ಸರಿಯಾಗಿ ಮಾಡದೆ, ಜಮಖಾನ ಹಾಸಿಕೊಂಡು, ನಾಯಿ ಕೂರುತ್ತಿದ್ದ ಜಾಗದಲ್ಲೇ ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದರು. ಏಳಿ ಎಂದು ನಾನು ಹೇಳಲಿಲ್ಲ.